ಕಿಬ್ಬನಹಳ್ಳಿಯಿಂದ ನಿಲ್ ರಿಪೋರ್ಟು

ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಕ್ವಿಂಟಲಿಗೆ 300 ರೂಪಾಯಿ ಬಿತ್ತು ಅಂದರೆ, ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಕೂತವರಿಗೆ ಅದು ಗೊತ್ತಾಗಲು ಟೀ ಆರುವಷ್ಟು ಹೊತ್ತೂ ಬೇಡ. ಅಲ್ಲಿಂದ ಒಂದು ಬಸ್ಸು ಹತ್ತಿ ತುರುವೇಕೆರೆಗೆ, ಇನ್ನೊಂದು ಹತ್ತಿ ಚಿಕ್ಕನಾಯಕನಹಳ್ಳಿಗೆ ಸುದ್ದಿ ಹೊರಟೇಬಿಡುತ್ತದೆ. ದನದ ಸುದ್ದಿಗೂ ಇದೇ ಓಟ. ಯಾರ ಮನೆ ಹಸು ಮೇವು ಬಿಟ್ಟಿದೆ, ಯಾರ ಎಮ್ಮೆ ಕಂದು ಹಾಕಿತು, ಯಾರ ಹೋರಿ ಜೊಲ್ಲು ಸುರಿಸಿಕೊಂಡು ಕಾಲು ಝಾಡಿಸುತ್ತಾ ನಿಂತಿದೆ ಅನ್ನುವುದು ಬೆಳಿಗ್ಗೆ ಡೈರಿಯಲ್ಲಿ ಹಾಲು ಅಳೆಯುವಷ್ಟರಲ್ಲಿ ಊರಿಗೆಲ್ಲ ಬಾಯಿಪಾಠ. ಮಧ್ಯಾಹ್ನದ ಹೊತ್ತಿಗೆ ನೆಂಟರೂರಿಗೂ ಮುಟ್ಟಿರುತ್ತದೆ.

ಇದು ಮುಟ್ಟದೇ ಇರುವುದು ಒಂದೇ ಒಂದು ಜಾಗಕ್ಕೆ. ತಿಂಗಳ ಕೊನೆಗೆ ಪಶು ಇಲಾಖೆಯಲ್ಲಿ ಮೇಲಕ್ಕೆ ಹೋಗುವ ರೋಗದ ವರದಿಯ ಕಾಲಂ. ಅಲ್ಲಿ ಊರಿನ ಹೆಸರಿನ ಮುಂದೆ ದುಂಡಗಿನ ಅಕ್ಷರದಲ್ಲಿ ‘ನಿಲ್’. ಮೂರು ತಾಲ್ಲೂಕಿನ ದನಗಳು ಕಾಗದದ ಮೇಲೆ ಎಷ್ಟು ಆರೋಗ್ಯವಾಗಿವೆ ಅಂದರೆ, ಅವನ್ನು ಸಾಕುವ ಮನುಷ್ಯರಿಗೆ ಹೊಟ್ಟೆಕಿಚ್ಚಾಗಬೇಕು.

ಕಾನೂನಿಲ್ಲ ಅನ್ನುವಂತಿಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳನ್ನು ತಡೆಯುವ ಕೇಂದ್ರದ ಕಾಯ್ದೆ 2009ರಲ್ಲೇ ಬಂದಿದೆ. ಕೊಟ್ಟಿಗೆಯ ದನಕ್ಕೆ ಪಟ್ಟಿಯಲ್ಲಿರುವ ರೋಗ ತಗುಲಿದೆ ಅನ್ನುವ ಅನುಮಾನ ಬಂದರೆ ಯಜಮಾನ ಗ್ರಾಮದ ಅಧಿಕಾರಿಗೋ ಪಂಚಾಯಿತಿಗೋ ತಿಳಿಸಬೇಕು. ಅವರು ಅದನ್ನು ಬರಹದಲ್ಲಿ ಹತ್ತಿರದ ಪಶುವೈದ್ಯರಿಗೆ ಮುಟ್ಟಿಸಬೇಕು. ಕಾಯಿಲೆಯ ದನವನ್ನು ಬೇರೆ ಕಟ್ಟಬೇಕು, ಸಂತೆಗೆ ಹೊಡೆದುಕೊಂಡು ಹೋಗಬಾರದು. ಓದಲು ಬಲು ಚಂದ. ಆದರೆ ಇ-ಸ್ವತ್ತಿಗೆ ಅಲೆದು ಚಪ್ಪಲಿ ಸವೆಸಿಕೊಂಡವರು ಸಿಗುತ್ತಾರೆ, ಪಂಚಾಯಿತಿ ಆಫೀಸಿನ ಬಾಗಿಲಲ್ಲಿ ನಿಂತು ‘ನಮ್ ಹಸೀಗೆ ಕಾಲುಬಾಯಿ ಬಂದೈತೆ, ಬರ್ಕಳಿ ಸಾ’ ಅಂದವರು ಸಿಗುವುದಿಲ್ಲ. ಅಂದರೂ ಅದನ್ನು ಯಾವ ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು ಅಂತ ಹುಡುಕುವಷ್ಟರಲ್ಲಿ ಹಸು ಇರುತ್ತದೋ ಇಲ್ಲವೋ.

ಹೇಳಿದವನಿಗೆ ಏನು ಸಿಗುತ್ತದೆ ನೋಡೋಣ. ದಿನಕ್ಕೆ 10 ಲೀಟರ್ ಡೈರಿಗೆ ಹಾಕುವವನ ಲೆಕ್ಕ ಹಿಡಿಯಿರಿ, ಲೀಟರಿಗೆ 35 ರೂಪಾಯಿ. ರೋಗದ ಹಸುವಿನ ಹಾಲು ಬೇಡ ಅಂತ 15 ದಿನ ಕೂರಿಸಿದರೆ 5,250 ಹೋಯಿತು. ಪಕ್ಕದ ಗೂಟದ ಹಸುಗಳು ಚೆನ್ನಾಗಿದ್ದರೂ ‘ಅವರ ಮನೆ ಹಾಲಾ?’ ಅಂತ ಮೂಗೆಳೆಯುವವರು ಹುಟ್ಟಿಕೊಂಡರು. ಇವನ ಮಾತು ಕೇಳಿ ಯಾರಾದರೂ ಸಂತೆ ನಿಲ್ಲಿಸಿಬಿಟ್ಟರೆ ಮೂರು ತಾಲ್ಲೂಕು ಇವನ ಮನೆತನವನ್ನೇ ಎತ್ತಿ ಬೈಯುತ್ತದೆ. ಹೇಳದೇ ಇದ್ದವನಿಗೆ ಏನಾಗುತ್ತದೆ? ಕಾಯ್ದೆ ಪ್ರಕಾರ ಮೊದಲ ಸಲಕ್ಕೆ ಹೆಚ್ಚೆಂದರೆ 1,000 ರೂಪಾಯಿ ದಂಡ. ಅದನ್ನು ಕಟ್ಟಿದ ರಸೀದಿ ಇಟ್ಟುಕೊಂಡಿರುವ ರೈತ ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಅವರಿಗೊಂದು ಸನ್ಮಾನ ಮಾಡಬೇಕು. ಏಳನೇ ಕ್ಲಾಸಿನ ಹುಡುಗನೂ ಈ ಲೆಕ್ಕಕ್ಕೆ ಒಂದೇ ಉತ್ತರ ಬರೆಯುತ್ತಾನೆ. ರೈತನಿಗೆ ತಿಳಿವಳಿಕೆ ಸಾಲದು ಅಂತ ಇಲಾಖೆ ಜಾಗೃತಿ ಶಿಬಿರ ನಡೆಸುತ್ತದೆ, ಉಪ್ಪಿಟ್ಟು ಕೇಸರಿಬಾತು ಕೊಡುತ್ತದೆ. ರೈತನಿಗೆ ಲೆಕ್ಕ ಚೆನ್ನಾಗಿ ಬರುವುದೇ ಇಲ್ಲಿನ ಫಜೀತಿ.

ಸತ್ತರೆ ಮಾತ್ರ ಸರ್ಕಾರ ಉದಾರಿ. 2022ರಲ್ಲಿ ಚರ್ಮಗಂಟು ರೋಗ ರಾಜ್ಯದ ಉದ್ದಕ್ಕೂ ಹರಡಿದಾಗ ಪರಿಹಾರ ಘೋಷಣೆಯಾಯಿತು: ಹಸು ಸತ್ತರೆ 20,000, ಎತ್ತು ಸತ್ತರೆ 30,000, ಕರು ಸತ್ತರೆ 5,000. ಕೊಡಬೇಕಾದದ್ದೇ, ಬೇಡ ಅಂದವರ್ಯಾರು? ಆದರೆ ಮೈಮೇಲೆ ಮೊದಲ ಗಂಟು ಎದ್ದ ದಿನವೇ ಫೋನ್ ಮಾಡಿ, ಹಸುವನ್ನು ಬೇರೆ ಕಟ್ಟಿ, ಸೊಳ್ಳೆ ನೊಣ ಬಾರದ ಹಾಗೆ ಬೇವಿನ ಹೊಗೆ ಹಾಕಿ, ಅದನ್ನೂ ಪಕ್ಕದ ಹತ್ತು ಮನೆಯ ದನಗಳನ್ನೂ ಉಳಿಸಿದವನಿಗೆ ಯಾವ ತಲೆಬರಹದಡಿ ದುಡ್ಡು ಕೊಡುವುದು? ಅಂಥ ತಲೆಬರಹವೇ ಇಲ್ಲ. ಆ ರೋಗ ಹಬ್ಬುವುದೇ ಕಚ್ಚುವ ನೊಣ, ಸೊಳ್ಳೆ, ಉಣ್ಣೆಯಿಂದ. ಅವುಗಳಿಗೆ ಹೋಬಳಿ ಗಡಿ ಗೊತ್ತಿಲ್ಲ, ಭಾನುವಾರ ರಜೆಯೂ ಇಲ್ಲ. ಆ ವರ್ಷ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ; ಹಸುವಿಗೇ ಅಂತ ತಯಾರಾದ ಲಸಿಕೆಯನ್ನು ದಿಲ್ಲಿಯಲ್ಲಿ ಆಗಸ್ಟಿನಲ್ಲಿ ಬಿಡುಗಡೆ ಮಾಡಿದರು, ಕೊಟ್ಟಿಗೆಗೆ ಮಾತ್ರ ಅದು ಬಿಡುಗಡೆಯಾಗಲಿಲ್ಲ.

ಹಸು ಸತ್ತರೂ ಸಾಲದು, ಕಿವಿಯಲ್ಲಿ ಓಲೆ ಇರಬೇಕು. ಹಳದಿ ಬಣ್ಣದ ಪ್ಲಾಸ್ಟಿಕ್ ಓಲೆ, ಅದರ ಮೇಲೆ 12 ಅಂಕಿ. ಮನುಷ್ಯರ ಆಧಾರಿಗೂ 12, ದನಕ್ಕೂ 12, ಭೇದಭಾವ ಇಲ್ಲ. ವಿಮೆಯವರ ನಿಯಮವಂತೂ ಬಲು ಸ್ಪಷ್ಟ: ಓಲೆ ಇಲ್ಲದಿದ್ದರೆ ಕ್ಲೇಮ್ ಇಲ್ಲ. ತೆಂಗಿನ ತೋಟದ ಬೇಲಿಗೆ ಸಿಕ್ಕಿ ಓಲೆ ಹರಿದುಹೋದ ಹಸು ಕಣ್ಣೆದುರೇ ಕಾಲು ಚಾಚಿ ಮಲಗಿದ್ದರೂ ಅದು ಸತ್ತಿಲ್ಲ, ಏಕೆಂದರೆ ಅದು ಹುಟ್ಟಿಯೇ ಇಲ್ಲ. ಅತ್ತ ಹೋದ ವರ್ಷವೇ ಸಂತೆಯಲ್ಲಿ ಕೈದಾಟಿ ಎಲ್ಲಿಗೋ ಹೋದ ಹಸು ಕಂಪ್ಯೂಟರಿನಲ್ಲಿ ಇನ್ನೂ ಇದೇ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುತ್ತದೆ, ಆರಾರು ತಿಂಗಳಿಗೆ ಲಸಿಕೆಯನ್ನೂ ಚುಚ್ಚಿಸಿಕೊಳ್ಳುತ್ತಿರುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ.

ಲಸಿಕೆಯ ಸುತ್ತು ಬಂದಾಗ ಕೊಟ್ಟಿಗೆ ಬಾಗಿಲಲ್ಲಿ ನಡೆಯುವ ಪ್ರಹಸನ ಒಮ್ಮೆ ನೋಡಬೇಕು. ಹೆಗಲಿಗೆ ಐಸ್ ಬಾಕ್ಸ್ ನೇತುಹಾಕಿಕೊಂಡ ಹುಡುಗ ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಿರುತ್ತಾನೆ. ಹಸು ಸುಮ್ಮನೆ ಚುಚ್ಚಿಸಿಕೊಳ್ಳುತ್ತದೆ. ತೊಡಕು ಶುರುವಾಗುವುದು ಆಮೇಲೆ. ದಾಖಲಾಗಬೇಕಾದರೆ ಯಜಮಾನಿಯ ಫೋನಿಗೆ ಬರುವ ಒಟಿಪಿ ಬೇಕು.

‘ಅಜ್ಜೀ, ನಂಬರ್ ಬಂತಾ?’

‘ಬಂತು.’

‘ಎಷ್ಟೇಳಜ್ಜಿ.’

‘ಯೋಳಾಕಿಲ್ಲ.’

‘ಯಾಕಜ್ಜಿ?’

‘ಯಾರು ಕೇಳುದ್ರೂ ನಂಬ್ರ ಯೋಳ್ಬ್ಯಾಡಿ ಅಂತ ದಿನಾ ಫೋನಾಗೆ ಆ ಹೆಣ್ಮಗ್ಳು ಬಾಯ್ ಬಡ್ಕತಾಳೆ. ಪಕ್ಕದ್ಮನೆಯೋನು ಯೋಳಿ ನಲವತ್ ಸಾವ್ರ ಕಳ್ಕಂಡವ್ನೆ.’

‘ಅದು ಬ್ಯಾಂಕಿನ್ದು ಕಣಜ್ಜಿ. ಇದು ನಿಮ್ಮ ಹಸೀನ್ದು.’

‘ಹಸೀಗ್ಯಾವನ್ಲಾ ನಂಬ್ರ ಕಳ್ಸೋನು?’

ಅಜ್ಜಿಯ ಪ್ರಶ್ನೆಗೆ ದಿಲ್ಲಿಯಲ್ಲೂ ಉತ್ತರ ಸಿಗಲಿಕ್ಕಿಲ್ಲ. ಪಕ್ಕದ ಮನೆಯಲ್ಲಿ ಇನ್ನೊಂದು ತರಹ: ಕೊಟ್ಟಿಗೆ ಇಲ್ಲಿ, ದಾಖಲೆಗೆ ಸೇರಿದ ನಂಬರು ಪೀಣ್ಯದ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿರುವ ಮಗನದು. ಅವನು ಎದ್ದು ಫೋನ್ ನೋಡುವಷ್ಟರಲ್ಲಿ ನಂಬರಿನ ವಾಯಿದೆ ಮುಗಿದು, ಹುಡುಗ ಮುಂದಿನ ಊರಿನಲ್ಲಿ ಮುಂದಿನ ಅಜ್ಜಿಯ ಹತ್ತಿರ ಬೈಸಿಕೊಳ್ಳುತ್ತಿರುತ್ತಾನೆ. ಚುಚ್ಚಿದ್ದು ದಾಖಲಾಗಲಿಲ್ಲ. ದಾಖಲಾದದ್ದೆಲ್ಲ ಚುಚ್ಚಿದ್ದೇ ಅಂತ ಆಣೆ ಮಾಡುವ ಧೈರ್ಯ ಇರುವವರು ಮಾಡಲಿ.

ಇನ್ನು ಡಾಕ್ಟರು. ಅವರನ್ನು ಬೈಯುವುದು ಸುಲಭ, ಅದಕ್ಕೇ ಎಲ್ಲರೂ ಬೈಯುತ್ತಾರೆ. ತಮ್ಮ ಆಸ್ಪತ್ರೆಯ ಜೊತೆಗೆ ಪಕ್ಕದೆರಡು ಆಸ್ಪತ್ರೆಯ ಪ್ರಭಾರವೂ ಕೊರಳಿಗೆ. ಬೆಳಿಗ್ಗೆ ಕರು ಅಡ್ಡ ಸಿಕ್ಕಿದ ಕಡೆ ತೋಳುದ್ದ ಕೈ ಹಾಕಿ, ಮಧ್ಯಾಹ್ನ ವಿಡಿಯೋ ಕಾನ್ಫರೆನ್ಸಿನಲ್ಲಿ ಅದೇ ಕೈ ಕಟ್ಟಿಕೊಂಡು ನಿಲ್ಲಬೇಕು. ಅಲ್ಲಿ ಕೇಳುವುದು ಒಂದೇ: ಪ್ರಗತಿ ಎಷ್ಟು ಪರ್ಸೆಂಟು? ಕಾಲುಬಾಯಿ ಜ್ವರ ಮತ್ತು ಬ್ರುಸೆಲ್ಲಾ ತಡೆಯುವ ರಾಷ್ಟ್ರೀಯ ಕಾರ್ಯಕ್ರಮವನ್ನು 2019ರ ಸೆಪ್ಟೆಂಬರ್ 11ರಂದು ಪ್ರಧಾನಿ ಮಥುರೆಯಲ್ಲಿ ಉದ್ಘಾಟಿಸಿದರು. ಐದು ವರ್ಷಕ್ಕೆ 13,343 ಕೋಟಿ ರೂಪಾಯಿ. 2025ರೊಳಗೆ ಹತೋಟಿ, 2030ರೊಳಗೆ ನಿರ್ಮೂಲ ಅನ್ನುವುದು ಆಗ ಇಟ್ಟುಕೊಂಡ ಗುರಿ. ಗುರಿಗೊಂದು ಗುಣ ಇದೆ. ಮೇಲಿನಿಂದ ಇಳಿಯುವಾಗಲೂ ಅದು ಅಂಕಿಯೇ, ಕೆಳಗಿನಿಂದ ಹತ್ತುವಾಗಲೂ ಅಂಕಿಯೇ. ನಡುವೆ ಹಸು ಎಲ್ಲಿಯೂ ಸಿಗುವುದಿಲ್ಲ.

ಈ ಊರಿನಲ್ಲಿ ಶೇ. 100 ಲಸಿಕೆ ಆಗಿದೆ ಅಂತ ಹೋದ ತಿಂಗಳು ಸಹಿ ಹಾಕಿದವರು, ಈ ತಿಂಗಳು ಅದೇ ಊರಿನಲ್ಲಿ ಕಾಲುಬಾಯಿ ಜ್ವರ ಅಂತ ಯಾವ ಬಾಯಲ್ಲಿ ಬರೆಯುತ್ತಾರೆ? ಬರೆದರೆ ನೋಟಿಸು ವೈರಸ್ಸಿಗೆ ಬರುವುದಿಲ್ಲ. ಲಸಿಕೆ ಆದ ಮೇಲೂ ರೋಗ ಕಾಣಿಸಿಕೊಳ್ಳಲು ಕಾರಣ ಬೇಕಾದಷ್ಟಿವೆ. ಕರುವಿಗೆ ಎರಡನೇ ಡೋಸು ಸಿಕ್ಕಿರುವುದಿಲ್ಲ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ ಬೈಕಿನ ಹಿಂದೆ ಬಿಸಿಲಲ್ಲಿ ಊರು ಸುತ್ತಿರುತ್ತದೆ. ಆರು ತಿಂಗಳಿಗೆ ಬರಬೇಕಾದ ಸುತ್ತು ಒಂಬತ್ತಕ್ಕೆ ಬಂದಿರುತ್ತದೆ. ಎಲ್ಲಿ ಸೋರುತ್ತಿದೆ ಅಂತ ಕಂಡುಹಿಡಿಯಲು ರೋಗ ಬಂತು ಅನ್ನುವ ವರದಿಯೇ ಬೇಕು. ಆ ವರದಿ ಬರೆದವರಿಂದಲೇ ವಿವರಣೆ ಕೇಳುವುದು ನಮ್ಮ ಆಡಳಿತದ ಕ್ರಮ. ಹಾಗಾಗಿ ಹಸುವಿಗೆ ಬಂದದ್ದು ‘ಜ್ವರದ ಲಕ್ಷಣ’, ಸತ್ತದ್ದು ‘ಇತರೆ ಕಾರಣ’. 2013ರಲ್ಲಿ ಹಳೇ ಮೈಸೂರು ಸೀಮೆಯಲ್ಲಿ ಕಾಲುಬಾಯಿ ಜ್ವರ ಎದ್ದು ಸಾವಿರಾರು ರಾಸು ಉರುಳಿದಾಗಲೂ ಜಗಳ ನಡೆದದ್ದು ಲಸಿಕೆ ಹಾಕಿದ್ದರೋ ಇಲ್ಲವೋ, ಹಾಕಿದ್ದು ಹಿಡಿಯಿತೋ ಇಲ್ಲವೋ ಅನ್ನುವುದರ ಮೇಲೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ರಿಜಿಸ್ಟರುಗಳಂತೂ ಯಾವತ್ತಿಗೂ ಅಚ್ಚುಕಟ್ಟು.

ನಮ್ಮ ಹಿರಿಯರ ಕಾಲದಲ್ಲಿ ಊರಿಗೆ ಬೇನೆ ಬಂದರೆ ಮಾರಿಯನ್ನು ಗಡಿ ದಾಟಿಸುತ್ತಿದ್ದರು. ಹಳೆಯ ಮೊರ, ಪೊರಕೆ, ಮಡಕೆ, ಬೇವಿನಸೊಪ್ಪು ಎಲ್ಲ ಕೂಡಿಸಿ, ತಮಟೆ ಬಡಿದುಕೊಂಡು ಹೋಗಿ ಪಕ್ಕದೂರಿನ ಎಲ್ಲೆಯಲ್ಲಿ ಇಟ್ಟು, ಹಿಂತಿರುಗಿ ನೋಡದೆ ಬರುವುದು. ಪಕ್ಕದೂರಿನವರು ದಡ್ಡರೇ? ರಾತ್ರೋರಾತ್ರಿ ಅದನ್ನೆತ್ತಿ ಅವರ ಪಕ್ಕದೂರಿನ ಎಲ್ಲೆಗೆ. ಇಲಾಖೆಯ ರೋಗದ ವರದಿ ಈ ಪದ್ಧತಿಯನ್ನು ಒಂದಿಷ್ಟೂ ಕೆಡದಂತೆ ಕಾಪಾಡಿಕೊಂಡು ಬಂದಿದೆ. ಕಿಬ್ಬನಹಳ್ಳಿ ಹೋಬಳಿ ತಿಪಟೂರು ತಾಲ್ಲೂಕಿನದು. ಕ್ರಾಸಿನಿಂದ ತೆಂಕಲಿಗೆ ಸ್ವಲ್ಪ ದೂರ ಹೋದರೆ ತುರುವೇಕೆರೆ, ಬಡಗಲಿಗೆ ಹೋದರೆ ಚಿಕ್ಕನಾಯಕನಹಳ್ಳಿ. ಹಸು ಇರುವುದು ಒಂದು ತಾಲ್ಲೂಕಿನಲ್ಲಿ, ಯಜಮಾನನ ರೇಷನ್ ಕಾರ್ಡು ಇನ್ನೊಂದರಲ್ಲಿ, ಅದನ್ನು ಕೊಂಡು ತಂದ ಸಂತೆ ಮೂರನೆಯದರಲ್ಲಿ. ‘ಇದು ನಮ್ಮಲ್ಲಿ ಹುಟ್ಟಿದ ರೋಗ ಅಲ್ಲ, ಆ ಕಡೆಯಿಂದ ಬಂದದ್ದು’ ಅಂತ ಮೂರು ಕಡೆಯವರೂ ಹೇಳುತ್ತಾರೆ. ಮೂವರೂ ಹೇಳುವುದು ನಿಜವೇ ಇರಬಹುದು. ಸಹಾಯಕ ನಿರ್ದೇಶಕರು ಉಪನಿರ್ದೇಶಕರ ಎಲ್ಲೆಗೆ, ಅವರು ಬೆಂಗಳೂರಿನ ಎಲ್ಲೆಗೆ, ಬೆಂಗಳೂರಿನವರು ಲ್ಯಾಬಿನ ಎಲ್ಲೆಗೆ. ತಮಟೆ ಒಂದು ಕಡಿಮೆ.

ಬೆಂಗಳೂರಿನಲ್ಲಿ ಈ ಮಾರಿಯನ್ನು ಇಳಿಸಿಕೊಳ್ಳುವ ಬುದ್ಧಿವಂತರು ಇಲ್ಲ ಅಂತಲ್ಲ. ಯಲಹಂಕದಲ್ಲಿ ನಿವೇದಿ ಅನ್ನುವ ರಾಷ್ಟ್ರೀಯ ಸಂಸ್ಥೆಯಿದೆ. ಪಶುರೋಗಗಳ ಲೆಕ್ಕ ಇಡುವುದು, ಹವಾಮಾನದ ಜೊತೆ ಹೊಂದಿಸಿ ಯಾವ ಜಿಲ್ಲೆಗೆ ಯಾವ ರೋಗ ಬರಬಹುದು ಅಂತ ಎರಡು ತಿಂಗಳು ಮೊದಲೇ ಹೇಳುವುದು ಅದರ ಕೆಲಸ. ಒಳ್ಳೆಯ ಕೆಲಸ, ನಿಷ್ಠೆಯಿಂದ ಮಾಡುತ್ತಾರೆ. ಆದರೆ ಆ ಭವಿಷ್ಯ ನಿಂತಿರುವುದು ಹಿಂದೆ ಎಲ್ಲೆಲ್ಲಿ ರೋಗ ಬಂತು ಅನ್ನುವ ವರದಿಯ ಮೇಲೆ. ಎಲ್ಲಿಂದ ಪ್ರಾಮಾಣಿಕವಾಗಿ ಬರೆದು ಕಳಿಸಿದರೋ ಆ ಜಿಲ್ಲೆ ನಕ್ಷೆಯಲ್ಲಿ ಕೆಂಪಗೆ. ಮುಚ್ಚಿಟ್ಟವರ ಜಿಲ್ಲೆ ಹಚ್ಚಹಸಿರು. ಬರೆದವರಿಗೆ ಮುಂದಿನ ಮೀಟಿಂಗಿನಲ್ಲಿ ಮಂಗಳಾರತಿ. ಒಂದೆರಡು ಸಲ ಆದ ಮೇಲೆ ಅವರಿಗೂ ಹಸಿರು ಹಚ್ಚುವ ವಿದ್ಯೆ ಬರುತ್ತದೆ.

ಮುಚ್ಚಿಡುವುದರಲ್ಲಿ ನಮ್ಮದೇನೂ ವಿಶೇಷ ಇಲ್ಲ. 2001ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಎಸೆಕ್ಸ್‌ನ ಕಸಾಯಿಖಾನೆಯೊಂದರಲ್ಲಿ ಕಾಲುಬಾಯಿ ಜ್ವರ ಪತ್ತೆಯಾಯಿತು. ಜಾಡು ಹಿಡಿದು ಹೋದರೆ ಸಿಕ್ಕಿದ್ದು ದೂರದ ನಾರ್ಥಂಬರ್‌ಲ್ಯಾಂಡಿನ ಒಂದು ಹಂದಿ ಫಾರಂ. ಅದರ ಮಾಲೀಕ ರೋಗ ಇದೆ ಅಂತ ತಿಳಿಸಿರಲಿಲ್ಲ. ಅಷ್ಟರಲ್ಲಿ ಅದು ದೇಶ ಸುತ್ತಿತ್ತು. 60 ಲಕ್ಷಕ್ಕೂ ಮೀರಿ ಪ್ರಾಣಿಗಳನ್ನು ಕೊಂದರು, ಮೇ ತಿಂಗಳಿಗೆ ಗೊತ್ತಾಗಿದ್ದ ಚುನಾವಣೆಯನ್ನೇ ಜೂನ್ 7ಕ್ಕೆ ಮುಂದೂಡಿದರು. ಆ ಮಾಲೀಕ ಕೋರ್ಟಿನಲ್ಲಿ ತಪ್ಪಿತಸ್ಥನೆಂದು ತೀರ್ಮಾನವೂ ಆಯಿತು. ದನದ ಜ್ವರಕ್ಕೆ ಚುನಾವಣೆ ಮುಂದೆ ಹೋಗುವ ದೇಶದ ಕಥೆ ಇಲ್ಲಿ ಹೇಳಿದರೆ ಕ್ರಾಸಿನಲ್ಲಿ ನಗುತ್ತಾರೆ. ಇಲ್ಲಿ ಚುನಾವಣೆ ಬಂದರೆ ಲಸಿಕೆ ಮುಂದೆ ಹೋಗುತ್ತದೆ.

ದನ ಎಣಿಸುವುದು, ರೋಗ ಹುಡುಕುವುದು ನಮಗೆ ಬಾರದ ವಿದ್ಯೆಯೂ ಅಲ್ಲ. ಅರಮನೆಯ ದನದ ಹಿಂಡು ನೋಡಿಕೊಳ್ಳುತ್ತಿದ್ದ ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಆದದ್ದು, ದನಗಳಿಗೇ ಅಂತ ಹುಕುಂನಾಮೆ ಹೊರಟದ್ದು ಇದೇ ನಾಡಿನಲ್ಲಿ. (ಅದೇ ಹಿಂಡನ್ನು 1860ರಲ್ಲಿ ಉಳಿತಾಯ ಅಂತ ಮಾರಿ, 1866ರಲ್ಲಿ ಬೇಕೇ ಬೇಕು ಅಂತ ಮತ್ತೆ ಕಟ್ಟಿದ ಬ್ರಿಟಿಷರ ಜಾಣತನ ನಮ್ಮ ಆಫೀಸುಗಳಿಗೆ ಬಳುವಳಿಯಾಗಿ ಬಂದಿರಬೇಕು.) ಅಮೃತ್ ಮಹಲ್ ತಳಿಯ ಸಂಶೋಧನಾ ಕೇಂದ್ರ ಇವತ್ತಿಗೂ ಇದೇ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿದೆ.

ದೊಡ್ಡರೋಗದ (ರಿಂಡರ್‌ಪೆಸ್ಟ್) ಕಥೆ ಅದಕ್ಕಿಂತ ದೊಡ್ಡದು. ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಗುಡಿಸಿ ಹಾಕುತ್ತಿದ್ದ ಆ ರೋಗಕ್ಕೆ ಮೈಸೂರು ಸಂಸ್ಥಾನದ ಕಾಲದಲ್ಲೇ ಹೆಬ್ಬಾಳದಲ್ಲಿ ಸೀರಂ ತಯಾರಿಸುತ್ತಿದ್ದರು. ದೇಶದಲ್ಲಿ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತಿನಿಂದಲೇ ಹೋಯಿತು ಅಂತ ಘೋಷಿಸಿದರು; ಮನುಷ್ಯರ ಸಿಡುಬು ಬಿಟ್ಟರೆ ಹಾಗೆ ಬೇರುಸಹಿತ ಹೋದ ರೋಗ ಅದೊಂದೇ. ಲಸಿಕೆ ದೊಡ್ಡ ಕೆಲಸ ಮಾಡಿತು, ನಿಜ. ಕೊನೆಯ ಹಂತದಲ್ಲಿ ಮಾತ್ರ ಲಸಿಕೆ ನಿಲ್ಲಿಸಿ ಊರೂರಿಗೆ ಹೋಗಿ ಕೇಳಬೇಕಾಯಿತು: ಈಚೆಗೆ ದನ ಸತ್ತವೇ? ಬಾಯಿ ಹುಣ್ಣಾಗಿತ್ತೇ? ಭೇದಿ ಇತ್ತೇ? ಕಣ್ಣಲ್ಲಿ ನೀರು ಸುರಿಯಿತೇ? ಜಗುಲಿಯ ಮೇಲೆ ಕೂತ ಮುದುಕರೇ ತಜ್ಞರು. ‘ಇದೆ’ ಅಂದವನನ್ನು ಯಾರೂ ಗದರಿಸಲಿಲ್ಲ, ಏಕೆಂದರೆ ಅವನನ್ನು ಹುಡುಕಿಕೊಂಡೇ ಬಂದಿದ್ದರು. ಅದೇ ಮುದುಕರು ಇವತ್ತೂ ಅದೇ ಜಗುಲಿಯ ಮೇಲಿದ್ದಾರೆ. ಕೇಳುವವರು ಬರುವುದು ಒಟಿಪಿಗೆ.

ನನ್ನದೊಂದು ಸಲಹೆ ಇದೆ. ಈ ಸೀಮೆಯಲ್ಲಿ ದನದ ರೋಗದ ಅತಿ ನಿಖರ ಮಾಹಿತಿ ಇರುವುದು ಸಂತೆಯ ದಲ್ಲಾಳಿಗಳ ಹತ್ತಿರ. ಬಾಯಿ ಅಗಲಿಸಿ ಹಲ್ಲು ಎಣಿಸುವ ನೆಪದಲ್ಲಿ ನಾಲಿಗೆಯ ಮೇಲೆ ಗುಳ್ಳೆ ಒಡೆದ ಕಲೆ ನೋಡುತ್ತಾರೆ. ಬೆನ್ನು ಸವರುತ್ತಾ ಹೋಗಿ ಗೊರಸಿನ ಸಂದಿಗೆ ಬೆರಳಿಡುತ್ತಾರೆ. ಮೈಕೂದಲು ಒರಟಾಗಿ ಬೆಳೆದು, ಬಿಸಿಲಿಗೆ ನಿಂತ ಕಡೆಯೇ ಏದುಸಿರು ಬಿಡುವ ಹಸು ಕಂಡರೆ ಅದಕ್ಕೆ ಹಿಂದೊಮ್ಮೆ ಕಾಲುಬಾಯಿ ಆಗಿ ಹೋಗಿದೆ ಅಂತ ಲ್ಯಾಬಿನ ಸಹಾಯವಿಲ್ಲದೆ ಹೇಳುತ್ತಾರೆ. ಯಾವ ಊರಿನಲ್ಲಿ ಬೇನೆ ಎದ್ದಿದೆ ಅನ್ನುವುದು ಅವರಿಗೆ ಮೊದಲ ದಿನವೇ ಗೊತ್ತು. ಗೊತ್ತಾದ ದಿನವೇ ಆ ಊರಿಗೆ ಹೋಗಿ, ಗಾಬರಿಯಲ್ಲಿರುವವನಿಂದ ಅರ್ಧ ಬೆಲೆಗೆ ಹೊಡೆದುಕೊಂಡು, ಗೊತ್ತಿಲ್ಲದ ಊರಿನ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾರುತ್ತಾರೆ. ಮಾಹಿತಿ ಅವರ ಹಿಂದೆ ಹೋಗುವುದಿಲ್ಲ, ರೋಗ ಮಾತ್ರ ಹೋಗುತ್ತದೆ. ಇಂಥ ಪ್ರತಿಭೆಯನ್ನು ಹೊರಗಿಟ್ಟು ಆ್ಯಪ್ ಮಾಡಿಸುವುದು ಯಾವ ನ್ಯಾಯ? ಹೋಬಳಿಗೊಬ್ಬ ದಲ್ಲಾಳಿಯನ್ನು ರೋಗ ಮಾಹಿತಿ ಅಧಿಕಾರಿ ಮಾಡಿ, ಸಂಬಳ, ಗುರುತಿನ ಚೀಟಿ, ಬೇಕಾದರೆ ಹಳದಿ ಬಣ್ಣದ ಹೊಸ ಟವೆಲ್ಲು ಕೊಟ್ಟುಬಿಡಬೇಕು.

ಕ್ರಾಸಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಬಸ್ಸಿಗೆ ನಿಂತಿದ್ದ ಹಿರಿಯ ದಲ್ಲಾಳಿಯೊಬ್ಬರ ಮುಂದೆ ಈ ಮಾತಿಟ್ಟೆ. ‘ಯಜಮಾನ್ರೇ, ಸರ್ಕಾರಿ ಕೆಲಸ. ನಿಮಗೆ ಗೊತ್ತಿರೋದನ್ನ ತಿಂಗಳಿಗೊಂದ್ಸಲ ಬರೆದುಕೊಟ್ರೆ ಆಯ್ತು. ಬರ್ತೀರಾ?’

ಅವರು ಉಗುಳು ಪಕ್ಕಕ್ಕೆ ಸರಿಸಿ, ನನ್ನನ್ನು ಮೇಲಿನಿಂದ ಕೆಳಗೆ ಹಲ್ಲು ನೋಡುವ ಹಾಗೆ ನೋಡಿದರು.

‘ಬತ್ತೀನಿ ಸಾ, ಅದಕ್ಕೇನಂತೆ. ಆದ್ರೆ ಮೊದ್ಲೇ ಒಂದ್ ಮಾತು ಯೋಳ್ಬುಡಿ. ರೋಗ ಐತೆ ಅಂತ ಬರೀಬೇಕಾ, ಇಲ್ಲ ಅಂತ ಬರೀಬೇಕಾ? ಎರಡಕ್ಕೂ ರೇಟು ಬ್ಯಾರೆ.’